ಬಾಯ್ಲರ್ ಎಣಿಸುವ ಲೆಕ್ಕ

ಉತ್ತರ ಪತ್ರಿಕೆಗಳ ರಾಶಿಯ ನಡುವೆ ಈ ಕಡೆ ಬರದೆ ಒಂದೂವರೆ ತಿಂಗಳಾಯಿತು. ಇವತ್ತು ಬರೆಯಲಿಕ್ಕೆ ಕೂತದ್ದು ಸ್ವಲ್ಪ ಸಿಟ್ಟಿನಿಂದಲೇ. ಓದುವವರು ಕ್ಷಮಿಸಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಲ್ಫಿನಲ್ಲಿ ಎಂಟು ವರ್ಷ ದುಡಿದು ಊರಿಗೆ ಬಂದಿದ್ದಾನೆ. ಅಲ್ಲಿ ಎಸ್ಪ್ರೆಸೊ ಕಾಫಿಯ ರುಚಿ ಹತ್ತಿದೆ. ಮನೆಗೊಂದು ಯಂತ್ರ ಬೇಕೆಂದು ಪೇಟೆಯ ಅಂಗಡಿಗೆ ಹೋದ. ಅಲ್ಲಿಯವರು ಹೇಳಿದ್ದು ಇಷ್ಟು: "ಹೀಟ್ ಎಕ್ಸ್‌ಚೇಂಜರ್ ಎಲ್ಲ ಹಳೇ ಕಾಲದ್ದು, ಅದರಲ್ಲಿ ಒಂದೇ ಬಾಯ್ಲರ್. ಕಾಫಿ ಇಳಿದ ಮೇಲೆ ಹಾಲು ಬಿಸಿಯಾಗಲಿಕ್ಕೆ ಕಾಯುತ್ತಾ ಕೂರಬೇಕು. ಡಬಲ್ ಬಾಯ್ಲರನ್ನೇ ತಗೊಳ್ಳಿ." ಹೇಗೆ ಎಂದು ಇವನು ಕೇಳಿದ್ದಕ್ಕೆ, "ಅದೆಲ್ಲ ಟೆಕ್ನಿಕಲ್, ಕನ್ನಡದಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ" ಎಂದರಂತೆ. ಎರಡು ಯಂತ್ರಗಳ ಬೆಲೆಯ ವ್ಯತ್ಯಾಸವೇ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ರಾತ್ರಿ ಫೋನು ಮಾಡಿ "ಮಾಷ್ಟ್ರೇ, ಏನು ಮಾಡಲಿ?" ಅಂತ ಕೇಳಿದ.

ನಾನು ಟಿಸಿಎಚ್ ಮಾಡಿ ಬಿ.ಎ. ಓದಿದವನು, ಇಂಜಿನಿಯರ್ ಅಲ್ಲ. ನಮ್ಮ ಮನೆಯಲ್ಲಿ ಈಗಲೂ ಹಿತ್ತಾಳೆ ಫಿಲ್ಟರೇ. ಆದರೂ ಆ ಅಂಗಡಿಯವರ ಮಾತು ಸುಳ್ಳು ಎಂದು ಹೇಳಲಿಕ್ಕೆ ಅಷ್ಟು ಓದು ಸಾಕು.

ವಿಷಯ ಇಷ್ಟೇ. ಎಸ್ಪ್ರೆಸೊಗೆ ಬೇಕಾದ ನೀರು ಸುಮಾರು 90ರಿಂದ 96 ಡಿಗ್ರಿ. ಹಾಲು ನೊರೆಬರಿಸಲಿಕ್ಕೆ ಬೇಕಾದದ್ದು ಹಬೆ. ಅದಕ್ಕೆ ಬಾಯ್ಲರಿನ ನೀರು 120 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚು ಒತ್ತಡದಲ್ಲಿ ನೀರು ಕುದಿಯುವುದು ಆ ಬಿಸಿಯಲ್ಲಿ. ನಮ್ಮ ಅಡುಗೆಮನೆಯ ಕುಕ್ಕರಿನ ಒಳಗೆ ನಡೆಯುವುದೂ ಸರಿಸುಮಾರು ಇದೇ. ಸಾದಾ ಸಿಂಗಲ್ ಬಾಯ್ಲರ್ ಯಂತ್ರದಲ್ಲಿ ಒಂದೇ ನೀರು ಎರಡೂ ಕೆಲಸ ಮಾಡಬೇಕಾದ್ದರಿಂದ ಕಾಫಿಗೂ ಹಾಲಿಗೂ ನಡುವೆ ಕಾಯಬೇಕು, ನಿಜ. ಆದರೆ ಹೀಟ್ ಎಕ್ಸ್‌ಚೇಂಜರ್ ಸಾದಾ ಸಿಂಗಲ್ ಬಾಯ್ಲರ್ ಅಲ್ಲ ಸ್ವಾಮಿ! ಅದರಲ್ಲಿ ಹಬೆಯ ಬಾಯ್ಲರಿನ ಒಳಗಿನಿಂದ ಒಂದು ಬೇರೆ ಕೊಳವೆ ಹಾದುಹೋಗುತ್ತದೆ. ಕಾಫಿಗೆ ಹೋಗುವ ತಣ್ಣೀರು ಆ ಕೊಳವೆಯಲ್ಲಿ ಹರಿಯುತ್ತಾ ಬಿಸಿಯಾಗುತ್ತದೆ, ಬಾಯ್ಲರಿನ ನೀರಿನ ಜೊತೆ ಬೆರೆಯುವುದೇ ಇಲ್ಲ. ಹಾಗಾಗಿ ಕಾಫಿಯೂ ಹಬೆಯೂ ಒಟ್ಟಿಗೇ ಸಿಗುತ್ತವೆ. ಕಾಯುವ ಪ್ರಶ್ನೆಯೇ ಇಲ್ಲ.

ಇದನ್ನು ಕನ್ನಡದಲ್ಲಿ ಹೇಳಲಿಕ್ಕೆ ಆಗುವುದಿಲ್ಲವಂತೆ. ಮರುದಿನ ಏಳನೇ ಕ್ಲಾಸಿನಲ್ಲಿ ಹಲಗೆಯ ಮೇಲೆ ಬಚ್ಚಲಿನ ಹಂಡೆಯ ಚಿತ್ರ ಬಿಡಿಸಿ, ಅದರೊಳಗಿನಿಂದ ಒಂದು ತಾಮ್ರದ ಕೊಳವೆ ಎಳೆದು, ಹತ್ತು ನಿಮಿಷ ವಿವರಿಸಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಾಷ್ಟ್ರೇ, ತುಂಬಾ ಹೊತ್ತು ನೀರು ತೆಗೆಯದೆ ಬಿಟ್ಟರೆ ಕೊಳವೆಯೊಳಗಿನ ನೀರೂ ಹಂಡೆಯ ನೀರಿನಷ್ಟೇ ಬಿಸಿಯಾಗುವುದಿಲ್ಲವಾ?" ಎಂದಳು.

ಹೀಟ್ ಎಕ್ಸ್‌ಚೇಂಜರಿನ ನಿಜವಾದ ದೋಷ ಅದೇ ನೋಡಿ! ಯಂತ್ರ ಸುಮ್ಮನೆ ನಿಂತಿದ್ದರೆ ಕೊಳವೆಯ ನೀರು ಮಿತಿಮೀರಿ ಕಾಯುತ್ತದೆ, ಆ ನೀರಲ್ಲಿ ಇಳಿಸಿದರೆ ಕಾಫಿ ಸುಟ್ಟು ಕಹಿಯಾಗುತ್ತದೆ. ಅದಕ್ಕೇ ಮೊದಲು ಸ್ವಲ್ಪ ನೀರು ಹೊರಬಿಡಬೇಕು. ಬುಸಬುಸ ಎನ್ನುವ ಸದ್ದು ನಿಂತು ನೀರು ಸಮನಾಗಿ ಬೀಳತೊಡಗಿದ ಮೇಲೆ ಕಾಫಿ ಇಳಿಸಬೇಕು. ಎಷ್ಟು ಬಿಡಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ವಾರದಲ್ಲಿ ಕೈಗೆ ಬರುವ ವಿದ್ಯೆ. ಹನ್ನೆರಡು ವರ್ಷದ ಹುಡುಗಿಗೆ ಹೊಳೆದ ಈ ಒಂದು ದೋಷವನ್ನು ಅಂಗಡಿಯವರು ಹೇಳಲಿಲ್ಲ, ಇಲ್ಲದ ದೋಷವನ್ನು ಹೇಳಿದರು.

ಇನ್ನು "ಹಳೇ ಕಾಲದ್ದು" ಎಂಬ ಮಾತು. ಇಟಲಿಯ ಫಯೇಮಾ ಕಂಪನಿ ಇ61 ಎಂಬ ಪ್ರಸಿದ್ಧ ಹೀಟ್ ಎಕ್ಸ್‌ಚೇಂಜರ್ ಯಂತ್ರ ತಂದದ್ದು 1961ರಲ್ಲಿ. ಆ ವರ್ಷ ಇಟಲಿಯಲ್ಲಿ ಕಂಡ ಸೂರ್ಯಗ್ರಹಣದಿಂದ ಅದಕ್ಕೆ ಆ ಹೆಸರು ಬಂತು. ಸರಿ, ಹಳೆಯದೇ. ಆದರೆ ಫ್ಲಾರೆನ್ಸಿನ ಲಾ ಮಾರ್ಜೊಕ್ಕೊ ಕಂಪನಿ ಎರಡು ಬಾಯ್ಲರಿನ ಜಿಎಸ್ ಯಂತ್ರ ತಂದದ್ದು ಯಾವಾಗ? 1970ರಲ್ಲಿ. ಅರುವತ್ತು ದಾಟಿದವನು ಮುದುಕ, ಐವತ್ತು ದಾಟಿದವನು ಹೊಸ ಹುಡುಗನೇ?

ಡಬಲ್ ಬಾಯ್ಲರ್ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಕಾಫಿಗೆ ಬೇರೆ ಬಾಯ್ಲರ್, ಹಬೆಗೆ ಬೇರೆ. ಕಾಫಿಯ ನೀರನ್ನು ಡಿಗ್ರಿ ಲೆಕ್ಕದಲ್ಲಿ ನಿಲ್ಲಿಸಬಹುದು. ಹಗುರವಾಗಿ ಹುರಿದ ಬೀಜಕ್ಕೆ ಬಿಸಿ ಜಾಸ್ತಿ ಬೇಕು, ಕಪ್ಪಗೆ ಹುರಿದದ್ದಕ್ಕೆ ಕಡಿಮೆ ಸಾಕು. ವಾರಕ್ಕೊಂದು ಬೀಜ ತಂದು ರುಚಿ ನೋಡುವವರಿಗೆ ಅದು ದೊಡ್ಡ ಅನುಕೂಲ. ಹಾಲು ಹಾಕದೆ ಕುಡಿಯುವವರು ಹಲವು ಯಂತ್ರಗಳಲ್ಲಿ ಹಬೆಯ ಬಾಯ್ಲರ್ ಆರಿಸಿ ಕರೆಂಟು ಉಳಿಸಬಹುದು. ಅಂಥವರು ಧಾರಾಳವಾಗಿ ಕೊಳ್ಳಲಿ.

ಆದರೆ ಇವನ ಮನೆಯಲ್ಲಿ ಆರು ಜನ, ಆರೂ ಜನಕ್ಕೆ ಹಾಲು ಹಾಕಿದ ಕಾಫಿ. ವರ್ಷವಿಡೀ ಕಪ್ಪಗೆ ಹುರಿದ ಒಂದೇ ಬೀಜ. ಒಂದು ಡಿಗ್ರಿಯ ವ್ಯತ್ಯಾಸವನ್ನು ಆ ಹಾಲು ಸಕ್ಕರೆಯ ನಡುವೆ ಹುಡುಕುವವರು ಯಾರು? ಹಬೆ ಜೋರಾಗಿದ್ದರೆ ಸಾಕು, ಹೀಟ್ ಎಕ್ಸ್‌ಚೇಂಜರಿನಲ್ಲಿ ಹಬೆಗೆ ಬರವಿಲ್ಲ. ಉಳಿದ ದುಡ್ಡಿನಲ್ಲಿ ಒಳ್ಳೆಯ ಗ್ರೈಂಡರ್ ತೆಗೆದುಕೊಂಡರೆ ಲೋಟದಲ್ಲಿ ರುಚಿ ಗೊತ್ತಾಗುತ್ತದೆ. ಪುಡಿ ಸಮನಾಗಿಲ್ಲದಿದ್ದರೆ ನಾಲ್ಕು ಬಾಯ್ಲರ್ ಇದ್ದರೂ ಅಷ್ಟೇ. ನಮ್ಮೂರಿನ ಸಿಡಿಲನ್ನೂ ಮರೆಯಬಾರದು. ಎಲೆಕ್ಟ್ರಾನಿಕ್ ಬೋರ್ಡು ಜಾಸ್ತಿಯಾದಷ್ಟೂ ಮಳೆಗಾಲದ ಹೆದರಿಕೆ ಜಾಸ್ತಿ. ಸರಳವಾದ ಹೀಟ್ ಎಕ್ಸ್‌ಚೇಂಜರಿನಲ್ಲಿ ಒತ್ತಡ ನೋಡಿ ಆನ್ ಆಫ್ ಆಗುವ ಒಂದು ಸ್ವಿಚ್ಚು, ಅಷ್ಟೆ.

ಅವನಿಗೆ ಇನ್ನೆರಡು ಮಾತು ಹೇಳಿದ್ದೇನೆ, ಬೇರೆಯವರಿಗೂ ಉಪಯೋಗವಾದೀತು. ಯಾವ ಯಂತ್ರವಾದರೂ 6 ಆಂಪ್ಸಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡ, ಪವರ್ ಪ್ಲಗ್ ಹಾಕಿಸು. ಹಟ್ಟಿಯ ದನದ ಹಾಲನ್ನು ಹಸಿಯಾಗಿ ಹಬೆಗೆ ಹಿಡಿಯಬೇಡ. ನೊರೆಬರಿಸುವಾಗ ಹಾಲು ಬಿಸಿಯಾಗುವುದು 60-65 ಡಿಗ್ರಿಯ ತನಕ ಮಾತ್ರ, ಕುದಿಯುವುದಿಲ್ಲ. ಮೊದಲು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಆಮೇಲೆ ಬಳಸು.

ಶನಿವಾರ ಅವನು ಮತ್ತೆ ಆ ಅಂಗಡಿಗೆ ಹೋಗುತ್ತಾನಂತೆ. ಏಳನೇ ಕ್ಲಾಸಿನ ಹುಡುಗಿಯ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟಿದ್ದೇನೆ. ಏನು ಉತ್ತರ ಬಂತೆಂದು ಮುಂದಿನ ವಾರ ತಿಳಿಸುತ್ತೇನೆ.