ಸಣ್ಣ ಟ್ಯಾಬ್ ಕೊಳ್ಳುವ ರೈತರಿಗೆ ಎರಡು ಮಾತು

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಅದೇ ರೈತನು ಹತ್ತು ಹದಿನೈದು ಸಾವಿರ ರೂಪಾಯಿ ಕೊಟ್ಟು ಟ್ಯಾಬ್ಲೆಟ್ ಕಂಪ್ಯೂಟರ್ (ಹಳ್ಳಿಗಳಲ್ಲಿ ಟ್ಯಾಬ್ ಎಂದೇ ರೂಢಿ) ಕೊಳ್ಳುವಾಗ ಮಾತ್ರ ಅಂಗಡಿಯವನು ಮುಂದಿಟ್ಟದ್ದರ ಬೆಲೆ ಕೇಳಿ ಕಟ್ಟಿಸಿಕೊಂಡು ಬರುತ್ತಾನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಆದುದರಿಂದಲೇ ಗೊಬ್ಬರ, ಕಳೆಗಳ ವಿಷಯ ಬಿಟ್ಟು ಈ ಸಲ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಬೇಸಾಯ ನೋಡಿಕೊಳ್ಳುವ ನನ್ನ ಅಣ್ಣನಿಗೆ ಕೆಲವು ವರ್ಷಗಳ ಹಿಂದೆ ನಾನೊಂದು ಟ್ಯಾಬ್ ತಂದುಕೊಟ್ಟೆ. ಬೆಲೆ ಕಡಿಮೆ, ಪರದೆ ದೊಡ್ಡದು, ನೋಡಲು ಅಂದ. ಆದರೆ ಅದಕ್ಕೆ ಸಿಮ್ ಹಾಕುವ ಜಾಗವಿರಲಿಲ್ಲ. ಸ್ಥಳ ಗುರುತಿಸುವ ಜಿಪಿಎಸ್ ಕೂಡ ಇರಲಿಲ್ಲ. ಅಣ್ಣನ ಬಳಿ ಇದ್ದುದು ಗುಂಡಿ ಒತ್ತುವ ಹಳೆಯ ಫೋನು. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡುವ ಅವಕಾಶ ಬಂದಿರುವುದು ತಿಳಿದೇ ಇದೆ. ಅಣ್ಣನೂ ಟ್ಯಾಬ್ ಹಿಡಿದು ತನ್ನ ರಾಗಿ ಹೊಲದ ನಡುವೆ ನಿಂತ. ತಾನು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇನೆಂಬುದು ಆ ಯಂತ್ರಕ್ಕೆ ತಿಳಿಯಲೇ ಇಲ್ಲ. ಕೊನೆಗೆ ಸಮೀಕ್ಷೆಗೆ ಬಂದ ಹುಡುಗ ರಾಗಿಯನ್ನು ಮಾತ್ರ ಬರೆದುಕೊಂಡು ಹೋದ. ಅಕ್ಕಡಿ ಸಾಲಿನ ತೊಗರಿ ದಾಖಲೆಗೆ ಬರಲಿಲ್ಲ. ಬೆಳೆ ಪರಿಹಾರಕ್ಕೂ ವಿಮೆಗೂ ಬೆಂಬಲ ಬೆಲೆಗೂ ಈ ದಾಖಲೆಯೇ ಆಧಾರ. ಆಕ್ಷೇಪಣೆ ಸಲ್ಲಿಸಿ ಸರಿಪಡಿಸಲು ಅಣ್ಣ ಹೋಬಳಿಗೆ ಮೂರು ಸಲ ತಿರುಗಬೇಕಾಯಿತು. “ಏನಪ್ಪಾ ಡಾಕ್ಟ್ರೇ, ಗೊಬ್ಬರ ಎಷ್ಟು ಹಾಕಬೇಕು ಅಂತ ಗ್ರಾಂ ಲೆಕ್ಕದಲ್ಲಿ ಹೇಳ್ತೀಯ, ಇದೊಂದನ್ನ ನೋಡಿ ತರೋಕಾಗ್ಲಿಲ್ವಾ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಮೊದಲು ಒಂದು ಮಾತು. ಮನೆಯಲ್ಲಿ ಒಳ್ಳೆಯ ಸ್ಮಾರ್ಟ್ ಫೋನು ಇದ್ದು, ಓದುವವರಿಗೆ ಕಣ್ಣಿನ ತೊಂದರೆಯೂ ಇಲ್ಲದಿದ್ದರೆ ಟ್ಯಾಬಿನ ಅವಶ್ಯಕತೆ ಇಲ್ಲ. ಆ ಹಣದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಒಳ್ಳೆಯ ಬಿತ್ತನೆ ಬೀಜ ಕೊಳ್ಳಿರಿ. ನಲವತ್ತೈದು ದಾಟಿದವರ ಸಂಗತಿ ಬೇರೆ. ಪಹಣಿ, ಹವಾಮಾನ ಮುನ್ಸೂಚನೆ, ಪೇಟೆ ಧಾರಣೆ ಎಲ್ಲವೂ ಈಗ ಪರದೆಯ ಮೇಲೆಯೇ ಬರುತ್ತವೆ. ನಾವು ವಿಜ್ಞಾನಿಗಳು ಸಿದ್ಧಪಡಿಸುವ ಬೇಸಾಯ ಕೈಪಿಡಿಗಳ ಕೋಷ್ಟಕಗಳಂತೂ ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ಇದು ನಮ್ಮದೇ ತಪ್ಪೆಂದು ಒಪ್ಪಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಹೇಳುವ ಅಂಗುಲದ ಲೆಕ್ಕ ಮೂಲೆಯಿಂದ ಮೂಲೆಗೆ ಅಳೆದದ್ದು. ಓದುವವನಿಗೆ ಬೇಕಾದುದು ಅಗಲ. ಆರೂವರೆ ಅಂಗುಲದ ಫೋನಿನ ಅಗಲ ಸುಮಾರು 7 ಸೆಂ.ಮೀ. ಮಾತ್ರ, 8.7 ಅಂಗುಲದ ಟ್ಯಾಬಿನದು 11 ಸೆಂ.ಮೀ.ಗೂ ಹೆಚ್ಚು. ಅಕ್ಷರವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಹತ್ತು, ಹನ್ನೊಂದು ಅಂಗುಲದವು ಅರ್ಧ ಕಿಲೋ ಆಸುಪಾಸಿನಲ್ಲಿ ತೂಗುವುದರಿಂದ ಮೇಜಿನ ಮೇಲೆ ಚೆನ್ನ, ಬದುವಿನ ಮೇಲಲ್ಲ. ಹೊಲಕ್ಕೆ ಒಯ್ಯಲು ಎಂಟರಿಂದ ಒಂಬತ್ತು ಅಂಗುಲದ್ದೇ ಸರಿಯೆಂಬುದು ನನ್ನ ಅಭಿಪ್ರಾಯ.

ಸಿಮ್ ಹಾಕುವಂಥದ್ದನ್ನೇ ಕೊಳ್ಳಿರಿ. ಉದಾಹರಣೆಗೆ, 2023ರ ಅಕ್ಟೋಬರಿನಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಎಂಬ 8.7 ಅಂಗುಲದ ಟ್ಯಾಬಿಗೆ ಆಗ ಸಿಮ್ ಇಲ್ಲದೆ 12,999 ರೂ., ಸಿಮ್ ಸಹಿತ 15,999 ರೂ. ಇತ್ತು. ಇದೇ ಕಂಪನಿಯದನ್ನು ಕೊಳ್ಳಿರೆಂದು ನಾನು ಹೇಳುತ್ತಿಲ್ಲ, ವ್ಯತ್ಯಾಸ ತಿಳಿಯಲೆಂದು ಬರೆದೆ. ಆ ಮೂರು ಸಾವಿರ ದಂಡವಲ್ಲ. ಮನೆಯ ಇನ್ನೊಬ್ಬರ ಸ್ಮಾರ್ಟ್ ಫೋನು ಸದಾ ಜೊತೆಯಲ್ಲಿದ್ದರೆ ಅದರ ಹಾಟ್‌ಸ್ಪಾಟ್‌ನಿಂದ ನಡೆಸಬಹುದು ನಿಜ. ಆದರೆ ಹೊಲದಲ್ಲಿ ಕೆಲಸವಿರುವ ದಿನವೇ ಆ ಫೋನು ಪೇಟೆಗೆ ಹೋಗಿರುತ್ತದೆ! ಸಿಮ್ ಇರುವ ಕೆಲವು ಟ್ಯಾಬುಗಳಲ್ಲೂ ಅಂತರ್ಜಾಲ ಮಾತ್ರ ಸಿಗುತ್ತದೆ. ಕರೆ ಮತ್ತು ಎಸ್ಸೆಮ್ಮೆಸ್ ಇರುವುದಿಲ್ಲ. ಇದನ್ನೂ ಕೇಳಿ ತಿಳಿಯಬೇಕು. ಯುಪಿಐ ನೋಂದಣಿಗೆ ಎಸ್ಸೆಮ್ಮೆಸ್ ಬೇಕು. ಮಕ್ಕಳು ಆಟವಾಡುವ ಟ್ಯಾಬಿನಲ್ಲಿ ಹಣದ ವ್ಯವಹಾರ ಇಡದಿರುವುದೇ ಲೇಸು, ಅದು ಬೇರೆ ಮಾತು. ಜಿಪಿಎಸ್ ಇದೆಯೇ ಎಂಬುದನ್ನು ಪೆಟ್ಟಿಗೆ ಓದಿ ನಂಬದೆ, ಅಂಗಡಿಯ ಹೊರಗೆ ಬಯಲಿನಲ್ಲಿ ನಿಂತು ನಕ್ಷೆ ತೆರೆದು ಪರೀಕ್ಷಿಸಿರಿ. ಹಾಗೆಯೇ ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ ನೋಡಿರಿ. ಅಂಗಡಿಯ ಮಬ್ಬು ಬೆಳಕಿನಲ್ಲಿ ಎಲ್ಲ ಪರದೆಗಳೂ ಹೊಳೆಯುತ್ತವೆ.

ಇನ್ನು ಕ್ಯಾಮೆರಾ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹುಳು ತಿಂದ ಒಂದು ಎಲೆ ಇಟ್ಟುಕೊಂಡು ಹೋಗಿರಿ ಎಂದರೆ ನಗುತ್ತೀರಿ. ಆದರೂ ಹಾಗೆಯೇ ಮಾಡಬೇಕು. ಆ ಎಲೆಯನ್ನು ಗೇಣು ದೂರದಲ್ಲಿ ಹಿಡಿದು ಹಿಂದಿನ ಕ್ಯಾಮೆರಾದಿಂದ ಚಿತ್ರ ತೆಗೆಯಿರಿ. ನರಗಳು ಸ್ಪಷ್ಟವಾಗಿ ಬಂದರೆ ಕ್ಯಾಮೆರಾ ತಾನೇ ದೃಷ್ಟಿ ಹೊಂದಿಸಿಕೊಳ್ಳುತ್ತದೆ ಎಂದರ್ಥ. ಅಗ್ಗದ ಎಷ್ಟೋ ಟ್ಯಾಬುಗಳಲ್ಲಿ ಈ ಗುಣವಿಲ್ಲ. ಎಷ್ಟು ಮೆಗಾಪಿಕ್ಸೆಲ್ ಬರೆದಿದ್ದರೂ ಹತ್ತಿರದ ವಸ್ತು ಮಸುಕು. ಮುಸುಕಿನ ಜೋಳಕ್ಕೆ 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವನ್ನು ಗುರುತಿಸಲು, ತಲೆಯ ಮೇಲಿನ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗೆರೆ ಮತ್ತು ಹಿಂಭಾಗದಲ್ಲಿ ಚೌಕವಾಗಿರುವ ನಾಲ್ಕು ಚುಕ್ಕೆಗಳು ಕಾಣಬೇಕು. ರೈತರು ನನಗೆ ಕಳಿಸುವ ಬಹಳಷ್ಟು ಚಿತ್ರಗಳಲ್ಲಿ ಹುಳು ಇದೆಯೆಂಬುದೇ ತಿಳಿಯುವುದಿಲ್ಲ. ಅಂಥ ಚಿತ್ರ ನೋಡಿ ಔಷಧಿ ಹೇಳುವುದು ಕಣ್ಣು ಕಟ್ಟಿಕೊಂಡು ಬೀಜ ಎರಚಿದಂತೆ.

ಜ್ಞಾಪಕಶಕ್ತಿ, ಎಂದರೆ ರ‍್ಯಾಮ್, 4 ಜಿಬಿಗಿಂತ ಕಡಿಮೆ ಬೇಡ. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಹೊರತಂದ ಅಗ್ಗದ ‘ಆಕಾಶ್’ ಟ್ಯಾಬಿನಲ್ಲಿ ಇದ್ದುದು 256 ಎಂಬಿ. ಅದರ ಪರದೆಯನ್ನು ಬೆರಳಿನಿಂದ ಒತ್ತಬೇಕಾಗಿತ್ತು. ಮರುವರ್ಷವೇ ಬಂದ ಎರಡನೆಯ ‘ಆಕಾಶ್’ನಲ್ಲಿ ರ‍್ಯಾಮ್ ಇಮ್ಮಡಿಯಾಯಿತು, ಪರದೆಯೂ ಬದಲಾಯಿತು. ಆಶಯ ಒಳ್ಳೆಯದೇ, ಆದರೆ ಯಂತ್ರಕ್ಕೆ ಕಸುವಿರಲಿಲ್ಲ. ಇಂದು 2 ಜಿಬಿಯ ಟ್ಯಾಬ್ ಕೊಳ್ಳುವುದೂ ಹಾಗೆಯೇ. ತಂತ್ರಾಂಶದ ಸುಧಾರಣೆ ಇನ್ನು ಎಷ್ಟು ವರ್ಷ ಸಿಗುತ್ತದೆಂದು ವಿಚಾರಿಸಬೇಕು.

ಜೊತೆಯ ಸಾಮಾನುಗಳ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿರಿ. ಕೀಲಿಮಣೆ, ಮೌಸ್, ಸಾವಿರಾರು ರೂಪಾಯಿಯ ಪೆನ್ನು ಇವು ನಮಗೆ ಬೇಡ. ಮೂಲೆಗಳು ದಪ್ಪವಾಗಿರುವ, ಹಿಂಬದಿಯಲ್ಲಿ ಕೈ ತೂರಿಸುವ ಪಟ್ಟಿಯಿರುವ ರಬ್ಬರ್ ಕವರ್ ಮತ್ತು ಪರದೆಗೆ ಗಾಜಿನ ಗಾರ್ಡ್ ಮಾತ್ರ ಅದೇ ದಿನ ಹಾಕಿಸಿರಿ. ಕಾಯಕದಿಂದ ಬೆರಳ ತುದಿ ಜಡ್ಡುಗಟ್ಟಿದವರು ಮುಟ್ಟಿದರೆ ಪರದೆ ಕೆಲವೊಮ್ಮೆ ಓಗೊಡುವುದಿಲ್ಲ. ಅಂಥವರಿಗೆ ರಬ್ಬರ್ ತುದಿಯ ಅಗ್ಗದ ಕಡ್ಡಿ ಸಾಕು. ಮಳೆಗಾಲಕ್ಕೆ ಜಿಪ್ ಇರುವ ತೆಳು ಪ್ಲಾಸ್ಟಿಕ್ ಚೀಲ. ಅದರ ಮೇಲಿನಿಂದಲೂ ಪರದೆ ಕೆಲಸ ಮಾಡುತ್ತದೆ.

ನಾನು ಹೆಚ್ಚು ಮೆಚ್ಚಿದ್ದು ಕ್ಯಾಮೆರಾಕ್ಕೆ ಕಚ್ಚಿಸುವ ಸಣ್ಣ ಭೂತಗನ್ನಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೆಣಸಿನಕಾಯಿ ಎಲೆ ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ. ಎಲೆಯ ತಳಭಾಗದ ಚಿತ್ರದಲ್ಲಿ ಕೀಟವೇ ಕಂಡರೆ ವೃಥಾ ಸಿಂಪರಣೆಯ ಒಂದೇ ಸರದಿಯಲ್ಲಿ ಆ ಕನ್ನಡಿಯ ಬೆಲೆ ಉಳಿಯುತ್ತದೆ.

ಪವರ್ ಬ್ಯಾಂಕಿನ ಮೇಲೆ 10,000 ಎಂದು ಬರೆದಿದ್ದರೂ, ಒಳಗಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಮತ್ತು ಕಾವಿನಲ್ಲಿ ಕಳೆದು, ದಕ್ಕುವುದು ಸುಮಾರು ಆರು ಸಾವಿರ. 5,100ರ ಬ್ಯಾಟರಿಯ ಟ್ಯಾಬಿಗೆ ಅದು ಒಂದು ಸಲಕ್ಕೆ ಸಾಕು. ಪವರ್ ಬ್ಯಾಂಕಿಗೂ ಚಾರ್ಜರಿಗೂ ಬಿಐಎಸ್ ಗುರುತು ಇರಲೇಬೇಕು. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ನಮ್ಮ ಹಳ್ಳಿಯ ಕುಂದು ವಿದ್ಯುತ್ತಿಗೆ ಹೆದರಬೇಕಾಗಿಲ್ಲ, ಸ್ಟೆಬಿಲೈಸರ್ ಬೇಡ. ಗುಡುಗು ಸಿಡಿಲು ಬಂದಾಗ ಮಾತ್ರ ಪ್ಲಗ್ ಕಿತ್ತಿಡಿ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಬಿಸಿಲಿಗೆ ಇಟ್ಟು ಮರೆತರೆ ಬ್ಯಾಟರಿಯ ಆಯಸ್ಸು ಬೇಗ ಕುಂದುತ್ತದೆ.

ಹಳೆಯದನ್ನು ಕೊಳ್ಳುವವರು ಮೊದಲು ಅದರ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಆ ಸಂಖ್ಯೆಯ ವಿವರ ಬರುತ್ತದೆ. ಕದ್ದ ಮಾಲೆಂದು ತಡೆಹಿಡಿದಿದ್ದರೆ ತಿಳಿಯುತ್ತದೆ. ಬಿಲ್ಲಿನಲ್ಲಿಯೂ ಇದೇ ಸಂಖ್ಯೆ ಬರೆಸಿಕೊಳ್ಳಿರಿ.

ಅಣ್ಣನಿಗೆ ಎರಡನೆಯ ಟ್ಯಾಬ್ ತರುವಾಗ ಅವನನ್ನೇ ಅಂಗಡಿಗೆ ಕರೆದೊಯ್ದೆ. ಮುಕ್ಕಾಲು ಗಂಟೆ ಬೀದಿಯಲ್ಲಿ ನಿಂತು, ಅಂಗಡಿಯವನು ಬೇಸತ್ತು ಒಳಗೆ ಹೋದ ಮೇಲೂ ಎಲೆಯ ಚಿತ್ರ ತೆಗೆಯುತ್ತಲೇ ಇದ್ದ. ಹಳೆಯದರಲ್ಲಿ ಈಗ ಅತ್ತಿಗೆ ಡೈರಿಯ ಹಾಲಿನ ಲೆಕ್ಕ ಬರೆಯುತ್ತಾರೆ.