ರಹೀಮ್ ಸಾಹೇಬ್ರು ಶಾಲಾ ಮಾಸ್ತರಾಗಿದ್ರು. ನಮ್ಮ ಶಾಲೆಗಳಿಗೆ ಪಿ.ಟಿ. ಮಾಸ್ತರು ಯಾವಾಗ?

ಔರಾದ್ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಓದುವಾಗ ಪಿ.ಟಿ. ಪಿರಿಯಡ್ ಅಂದ್ರೆ ಗಣಿತದ ಎಕ್ಸ್‌ಟ್ರಾ ಕ್ಲಾಸ್. ಆಡಿಸೋ ಮಾಸ್ತರೇ ಇರಲಿಲ್ಲ. 2024ರಲ್ಲಿ ಬಂದ 'ಮೈದಾನ್' ಸಿನಿಮಾ ನೋಡಿದಾಗ ಇದೆಲ್ಲ ಮತ್ತೆ ನೆನಪಾಯ್ತು. ಅದರಲ್ಲಿ ಅಜಯ್ ದೇವಗನ್ ಮಾಡಿದ್ದು ಹೈದರಾಬಾದಿನ ಫುಟ್‌ಬಾಲ್ ಕೋಚ್ ಸೈಯದ್ ಅಬ್ದುಲ್ ರಹೀಮ್ ಪಾತ್ರ.

ರಹೀಮ್ ನಮಗೆ ಹೊರಗಿನವರಲ್ಲ. ಬೀದರ್, ಭಾಲ್ಕಿ, ಔರಾದ್ ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಕೊನೆಗೆ ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋಗಿಲ್ಲ.

ಹೈದರಾಬಾದಿನಲ್ಲಿ ಆಡಿಕೊಂಡಿದ್ದ ರಹೀಮ್ ವೃತ್ತಿಯಲ್ಲಿ ಶಾಲಾ ಶಿಕ್ಷಕ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಆ ತಂಡ 1954ರವರೆಗೆ ಸತತ 5 ಸಲ ರೋವರ್ಸ್ ಕಪ್ ಗೆದ್ದಿತು. ಅಭ್ಯಾಸವಿಲ್ಲದ ಕಾಲಿನಿಂದಲೇ ಒದೆಯಬೇಕು ಅನ್ನೋ ಟೂರ್ನಿಗಳನ್ನೂ ಅವರು ನಡೆಸುತ್ತಿದ್ದರು. ಪಾಠ ಹೇಳಿ ಪಳಗಿದವರ ಬುದ್ಧಿ ಅದು! 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. ಕ್ಯಾನ್ಸರ್‌ಗೆ ತುತ್ತಾಗಿ 1963ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಭಾರತದ ಪುರುಷರ ಫುಟ್‌ಬಾಲಿಗೆ ಆ ಚಿನ್ನ ಸಿಕ್ಕೇ ಇಲ್ಲ.

ಇದರಿಂದ ನಮಗೆ ತಿಳಿಯೋದು ಇಷ್ಟೇ: ದೊಡ್ಡ ಕೋಚ್ ಹುಟ್ಟಲು ದೊಡ್ಡ ಸ್ಟಾರ್ ಆಟಗಾರನೇ ಬೇಕಿಲ್ಲ. ಆಡಿದ ಅನುಭವ, ಕಲಿಸುವ ತಾಳ್ಮೆ ಮತ್ತು ಒಂದು ಖಾಯಂ ನೌಕರಿ ಬೇಕು. ನಮ್ಮ ಊರುಗಳಲ್ಲಿ ಮೊದಲೆರಡು ಬೇಕಾದಷ್ಟಿವೆ. ಕಬಡ್ಡಿ, ವಾಲಿಬಾಲ್ ಆಡಿ ಬೆಳೆದ ಹುಡುಗ್ರು ಮೂವತ್ತು ದಾಟಿದ ಮೇಲೆ ಆ ವಿದ್ಯೆ ಸಮೇತ ದುಡಿಯಲು ಹೈದರಾಬಾದ್ ಬಸ್ ಹತ್ತುತ್ತಾರೆ. ಇಲ್ಲದಿರೋದು ಮೂರನೆಯದು.

ಸಂವಿಧಾನದ 371ಜೆ ವಿಧಿ ನಮಗೆ ನೌಕರಿ, ಶಿಕ್ಷಣದಲ್ಲಿ ಮೀಸಲಾತಿ ಕೊಟ್ಟಿದೆ. ಆದರೆ ನಮ್ಮ ಚರ್ಚೆಯೆಲ್ಲ ಮೆಡಿಕಲ್, ಎಂಜಿನಿಯರಿಂಗ್ ಸೀಟಿನ ಸುತ್ತಲೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಕಾಂಪೌಂಡು, ಗ್ಯಾಲರಿ ಕಟ್ಟಬಹುದು. ಕಲಿಸೋರಿಲ್ಲದ ಮೈದಾನ ಬರೀ ಖಾಲಿ ಜಾಗ.

ಮುಂದಿನ ಸಲ ಶಾಸಕರು ಕ್ರೀಡಾಕೂಟದ ರಿಬ್ಬನ್ ಕತ್ತರಿಸಲು ಬಂದಾಗ ಒಂದೇ ಪ್ರಶ್ನೆ ಕೇಳ್ರಿ: ಈ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಎಷ್ಟು ಹುದ್ದೆ ಖಾಲಿ ಅದಾವ? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕ್ರಿ. ಶುಲ್ಕ 10 ರೂಪಾಯಿ. ಔರಾದಿನ ಅರ್ಜಿ ನಾನು ಹಾಕ್ತೀನಿ, ಭಾಲ್ಕಿಯದು ಯಾರು ಹಾಕ್ತೀರಿ?