ಪುಸ್ತಕದ ಕಪಾಟಿಗೆ ಎರಡು ಬಾಗಿಲು ಬೇಕೆ?

ಶಾಲೆಗಳಿಗೆ ರಜೆ ಸಮೀಪಿಸಿದಂತೆ ಹೆತ್ತವರು ಧರ್ಮಗುರುಗಳಲ್ಲಿ ಕೇಳುವ ಪ್ರಶ್ನೆಯೊಂದಿದೆ: ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡಬಹುದು, ಯಾವುದನ್ನು ಕೊಡಬಾರದು? ಪ್ರಶ್ನೆ ಯೋಗ್ಯವಾದುದೇ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಎತ್ತುವವರು ವಿರಳ: ಮಕ್ಕಳಿಗೆ ಕೊಡುವ ಪುಸ್ತಕವನ್ನು ಹೆತ್ತವರು ಓದಿದ್ದಾರೆಯೇ? ಈ ವಾರ ನಾವು ಮಕ್ಕಳ ಪುಸ್ತಕಗಳನ್ನೂ ದೊಡ್ಡವರ ಪುಸ್ತಕಗಳನ್ನೂ ಒಂದೇ ಸಾಲಿನಲ್ಲಿಟ್ಟು ಪರಿಶೀಲಿಸಬಯಸುತ್ತೇವೆ. ಇವು ಹೊಸ ಪುಸ್ತಕಗಳಲ್ಲ. ಕಾಲದ ಪರೀಕ್ಷೆಯಲ್ಲಿ ನಿಂತವು, ಆದರೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ತೆರೆಯದೆ ಉಳಿದವು.

ಕಥೆಗಳಿಗೆ ಕಾವಲು ಬೇಕೆಂಬ ವಿಚಾರ ಬಹಳ ಹಳೆಯದು. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ತಾಯಂದಿರೂ ದಾದಿಯರೂ ಆಯ್ದ ಕಥೆಗಳನ್ನು ಮಾತ್ರ ಮಕ್ಕಳಿಗೆ ಹೇಳಬೇಕೆಂದು ವಿಧಿಸಿದ. ಎಳೆಯ ಮನಸ್ಸಿನಲ್ಲಿ ಮೂಡಿದ ಅಚ್ಚು ಅಳಿಯುವುದಿಲ್ಲವೆಂಬುದು ಅವನ ಕಾರಣ. ಅವನ ಶಿಷ್ಯ ಅರಿಸ್ಟಾಟಲ್ ಬೇರೊಂದು ಮುಖವನ್ನು ಕಂಡ. ಪರರ ದುಃಖವನ್ನು ಕಾಣುವಾಗ ನಮ್ಮಲ್ಲಿ ಏಳುವ ಕರುಣೆ ಮತ್ತು ಭಯ ನಮ್ಮ ಭಾವಗಳನ್ನು ಶುದ್ಧಗೊಳಿಸುತ್ತವೆ ಎಂದ. ಧರ್ಮಸಭೆಯೂ ಈ ಎರಡು ದಾರಿಗಳನ್ನು ಬಲ್ಲದು. 1559ರಲ್ಲಿ ರೋಮಿನಿಂದ ಮೊದಲು ಹೊರಟ ನಿಷಿದ್ಧ ಗ್ರಂಥಗಳ ಪಟ್ಟಿ ನಾಲ್ಕು ಶತಮಾನಗಳ ಕಾಲ ನಡೆದು, 1966ರಲ್ಲಿ ಕಾನೂನಿನ ಬಲವನ್ನು ಕಳೆದುಕೊಂಡಿತು. ಅಂದಿನಿಂದ ಆಯ್ಕೆಯ ಹೊಣೆ ಓದುಗನ ಅಂತಃಸಾಕ್ಷಿಯ ಮೇಲಿದೆ, ಮನೆಯ ಮಟ್ಟಿಗೆ ತಂದೆ ತಾಯಿಯರ ಮೇಲಿದೆ. ಪಟ್ಟಿಯನ್ನು ನೋಡಿ ಆರಿಸುವುದು ಸುಲಭ. ಓದಿ ಆರಿಸುವುದಕ್ಕೆ ಸಮಯ ಬೇಕು.

ಮೊದಲಿಗೆ ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ’. ಕರಾವಳಿಯ ಯಾವ ಮಗುವಿಗೂ ಸಿಗಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಪ್ರಶ್ನೆಯೊಂದಕ್ಕೆ ಉತ್ತರವಾಗಿ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತ ಹೋಗುವ ಸರಪಣಿಯ ಕಥೆ ಇದು. ಮಕ್ಕಳು ಅದರ ಲಯಕ್ಕೆ ನಗುತ್ತಾರೆ. ದೊಡ್ಡವರು ಗಮನವಿಟ್ಟು ಓದಿದರೆ, ತಪ್ಪನ್ನು ಪರರ ತಲೆಗೆ ಹೊರಿಸುವ ತಮ್ಮದೇ ಚಾಳಿಯನ್ನು ಅಲ್ಲಿ ಕಂಡಾರು. ಪಂಜೆಯವರು ಕನ್ನಡದ ಸಣ್ಣಕಥೆಯ ಮೊದಲಿಗರಲ್ಲಿಯೂ ಒಬ್ಬರು. ಮಕ್ಕಳಿಗಾಗಿ ಬರೆಯುವುದು ಅವರಿಗೆ ಕೆಳದರ್ಜೆಯ ಕೆಲಸವಾಗಿರಲಿಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಂಗ್ಲ ಕವಿ ಬ್ರೌನಿಂಗನ ಕವನದ ಎಳೆಯನ್ನು ಹಿಡಿದು ಕನ್ನಡದ ಹಳ್ಳಿಯಲ್ಲಿ ನಡೆಯುವ ಕಥನಕವನ. ಇಲಿಗಳ ಕಾಟ, ಜೋಗಿಯ ಕಿಂದರಿ, ಓಡುವ ಇಲಿಗಳ ಸಾಲು, ಇಷ್ಟನ್ನು ಮಕ್ಕಳು ಸವಿಯುತ್ತಾರೆ. ಆದರೆ ಕಥೆಯ ತಿರುಳು ದೊಡ್ಡವರಿಗೆ ಸಂಬಂಧಿಸಿದ್ದು. ಊರ ಹಿರಿಯರು ಕೊಟ್ಟ ಮಾತಿಗೆ ತಪ್ಪಿದರು, ಅದರ ಬೆಲೆಯನ್ನು ಮಕ್ಕಳು ತೆತ್ತರು. ಮಗುವಿಗೆ ಏನನ್ನೋ ಕೊಡಿಸುವುದಾಗಿ ಹೇಳಿ ಮರೆತ ತಂದೆ ಈ ಕವನವನ್ನು ಗಟ್ಟಿಯಾಗಿ ಓದುವಾಗ ಸ್ವಲ್ಪ ತಡೆದು ಓದಬೇಕಾದೀತು.

ಮೂರನೆಯದು ಜಪಾನಿನ ತೆತ್ಸುಕೊ ಕುರೊಯನಾಗಿ ಬರೆದ ‘ತೊತ್ತೊ-ಚಾನ್’. 1981ರಲ್ಲಿ ಪ್ರಕಟವಾದ ಈ ಪುಸ್ತಕ ಕನ್ನಡಕ್ಕೂ ಬಂದಿದೆ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿಯೊಬ್ಬಳು, ರೈಲಿನ ಡಬ್ಬಿಗಳೇ ತರಗತಿಗಳಾಗಿದ್ದ ತೊಮೊಯೆ ಎಂಬ ಶಾಲೆಯನ್ನು ಸೇರುತ್ತಾಳೆ. ಅಲ್ಲಿನ ಮುಖ್ಯೋಪಾಧ್ಯಾಯರಾದ ಕೊಬಾಯಾಶಿಯವರು ಮೊದಲ ದಿನವೇ ನಾಲ್ಕು ಗಂಟೆಗಳ ಕಾಲ ಅವಳ ಮಾತನ್ನು ಕೇಳುತ್ತಾರೆ, ಒಮ್ಮೆಯೂ ಆಕಳಿಸದೆ. ಪೋಲಿಯೋ ತಗಲಿದ ಗೆಳೆಯನನ್ನು ಆಕೆ ಮರಕ್ಕೆ ಹತ್ತಿಸುವ ಅಧ್ಯಾಯವಿದೆ. ಆ ಗೆಳೆಯನ ಸಾವೂ ಇದೆ. ಕೊನೆಗೆ 1945ರ ವೈಮಾನಿಕ ದಾಳಿಯಲ್ಲಿ ಶಾಲೆಯೇ ಸುಟ್ಟುಹೋಗುತ್ತದೆ. ಒಂದೇ ಕಥೆ ಇದರಲ್ಲಿ ಸಾಗುವುದಿಲ್ಲ, ಬಿಡಿಬಿಡಿ ಪ್ರಸಂಗಗಳೇ ಹೆಚ್ಚು. ಕುತೂಹಲವನ್ನೇ ಅರಸುವ ಓದುಗನಿಗೆ ಇದು ಕೊರತೆಯೆನಿಸಬಹುದು. ಆದರೆ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗುವನ್ನು ಅಳೆಯುವ ಹೆತ್ತವರಿಗೆ ಇದಕ್ಕಿಂತ ಹಿತವಾದ ಔಷಧಿಯನ್ನು ನಾವು ಕಾಣೆವು. ಮಕ್ಕಳ ಕೈಯಿಂದ ಇದನ್ನು ಎರವಲು ಪಡೆದಾದರೂ ಅವರು ಓದಬೇಕು.

ಈಗ ಡಾ. ಶಿವರಾಮ ಕಾರಂತರತ್ತ ತಿರುಗೋಣ. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿದವರು ಅವರೇ, ‘ಚೋಮನ ದುಡಿ’ (1933) ಎಂಬ ಕಾದಂಬರಿಯನ್ನು ಬರೆದವರೂ ಅವರೇ. ಮೊದಲನೆಯದರಲ್ಲಿನ ವಿಜ್ಞಾನದ ವಿವರಗಳು ಇಂದು ಹಳತಾಗಿವೆ. ಮಾಹಿತಿಗಾಗಿ ಅದನ್ನು ಓದಬೇಕಾಗಿಲ್ಲ. ಲೋಕದ ಯಾವ ವಸ್ತುವೂ ಮಗುವಿನ ಅರಿವಿಗೆ ಹೊರತಾದುದಲ್ಲ ಎಂಬ ಅದರ ನಂಬಿಕೆ ಮಾತ್ರ ಹಳತಾಗಿಲ್ಲ.

‘ಚೋಮನ ದುಡಿ’ಯನ್ನು ಕುರಿತು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಮ್ಮ ಜನರಲ್ಲಿ ಕೆಲವರಿಗೆ ಈ ಪುಸ್ತಕ ಇರುಸುಮುರುಸು ತರುತ್ತದೆ. ಚೋಮನ ಮಗಳು ಬೆಳ್ಳಿಯ ಬಡತನವನ್ನು ದುರುಪಯೋಗಪಡಿಸಿಕೊಳ್ಳುವ ಮನ್ವೇಲ ಕ್ರೈಸ್ತ. ಬೇಸಾಯಕ್ಕೆ ತುಂಡು ನೆಲ ದೊರಕಬಹುದೆಂಬ ಆಸೆಯಿಂದ ಮತಾಂತರಕ್ಕೆ ಮನಸ್ಸು ಮಾಡಿದ ಚೋಮ, ತಾನು ನಂಬಿದ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಇಂಥ ಪುಸ್ತಕವನ್ನು ನಮ್ಮ ಮಕ್ಕಳು ಓದಬೇಕೇ ಎಂದು ಕೇಳುವವರಿದ್ದಾರೆ. ಹದಿಹರೆಯಕ್ಕೆ ಬಂದವರು ಓದಲೇಬೇಕೆಂಬುದು ನಮ್ಮ ಅಭಿಪ್ರಾಯ. ಕಾದಂಬರಿ ಯಾರನ್ನೂ ಓಲೈಸುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಿ ಎತ್ತಲು ಹಿಂಜರಿಯುವ ಮೇಲ್ಜಾತಿಯವರನ್ನೂ ಅದು ಬಿಟ್ಟಿಲ್ಲ. ಮನ್ವೇಲನನ್ನು ಕಂಡು ನಮ್ಮ ಸಮುದಾಯಕ್ಕೆ ಅವಮಾನವಾಯಿತೆಂದು ಪುಸ್ತಕವನ್ನು ಮುಚ್ಚಿಡುವ ಬದಲು, ಕೂಲಿಗಾಗಿ ನಮ್ಮ ತೋಟಗಳಿಗೂ ಮನೆಗಳಿಗೂ ಬರುವವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆಂದು ಕೇಳಿಕೊಳ್ಳುವುದು ಲೇಸು. ಆತ್ಮಶೋಧನೆಗೆ ಕೆಲವೊಮ್ಮೆ ಹೊರಗಿನವರು ಹಿಡಿದ ಕನ್ನಡಿಯೇ ಬೇಕಾಗುತ್ತದೆ.

ಕೊನೆಯದಾಗಿ ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಜನಿಸಿ, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, 2025ರ ಜನವರಿಯಲ್ಲಿ ನಮ್ಮನ್ನಗಲಿದ ಈ ಹಿರಿಯರು ನಮ್ಮವರೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅವರ ಎಷ್ಟು ಪುಸ್ತಕಗಳು ನಮ್ಮ ಮನೆಗಳಲ್ಲಿವೆ? ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು, ಮುಳುಗಿದ ಊರುಗಳ ವ್ಯಥೆಯನ್ನು ಬರವಣಿಗೆಯ ವಸ್ತುವಾಗಿಸಿಕೊಂಡರು. ‘ದ್ವೀಪ’ದಲ್ಲಿ ಏರುವ ನೀರಿನ ನಡುವೆ ಉಳಿದ ಗಂಡ ಹೆಂಡಿರ ಕಥೆಯಿದೆ. ಹೊರಗೆ ನೀರು ಏರಿದಂತೆ ಒಳಗೆ ಗಂಡನ ಮನಸ್ಸಿನಲ್ಲಿ ಸಂಶಯ ಏರುತ್ತದೆ. ಇದು ಪ್ರಾಪ್ತ ವಯಸ್ಕರ ಪುಸ್ತಕ, ವಿವಾಹಿತರು ಅಗತ್ಯವಾಗಿ ಓದಬೇಕಾದುದು. ಅದೇ ಲೇಖಕರು ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕೃತಿಯನ್ನು ಮಕ್ಕಳಿಗಾಗಿ ಬರೆದರು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. ಮನೆ ಮಠ ಕಳೆದುಕೊಂಡವರ ಸಂಗತಿ ಮಕ್ಕಳಿಗೆ ಭಾರವಾದೀತೆಂದು ಅವರು ಎಣಿಸಲಿಲ್ಲ. ಮಕ್ಕಳ ಅಳವಿಗೆ ತಕ್ಕಂತೆ ಹೇಳುವ ಬಗೆಯನ್ನು ಹುಡುಕಿದರು.

ಈ ಲೇಖಕರೆಲ್ಲ ಒಂದು ವಿಷಯದಲ್ಲಿ ಒಮ್ಮತದವರು: ಮಕ್ಕಳಿಗೆ ಸುಳ್ಳು ಹೇಳಲಿಲ್ಲ. ದುಃಖ, ಸಾವು, ಅನ್ಯಾಯಗಳನ್ನು ಬಚ್ಚಿಡಲಿಲ್ಲ. ಆದರೆ ಅವನ್ನು ಒಂಟಿಯಾಗಿ ಎದುರಿಸಬೇಕಾದ ಪಾಡು ಮಗುವಿಗೆ ಬರಬಾರದು. ಮಗು ಪುಸ್ತಕದ ನಡುವೆ ನಿಂತು ಪ್ರಶ್ನೆಯೊಂದನ್ನು ಕೇಳಿದಾಗ ಉತ್ತರಿಸಲು ಮನೆಯಲ್ಲಿ ಆ ಪುಟವನ್ನು ಓದಿದ ಒಬ್ಬರಾದರೂ ಇರಬೇಕು. ಬಹುಮಾನಕ್ಕೋ ಪ್ರಥಮ ಪರಮಪ್ರಸಾದದ ಉಡುಗೊರೆಗೋ ಪುಸ್ತಕ ಕೊಂಡುಕೊಡುವಲ್ಲಿಗೆ ಹೆತ್ತವರ ಹೊಣೆ ತೀರುವುದಿಲ್ಲ. ಪೋಪ್ ಫ್ರಾನ್ಸಿಸ್ ಅವರು 2024ರ ಜುಲೈಯಲ್ಲಿ ಸಾಹಿತ್ಯದ ಓದನ್ನು ಕುರಿತೇ ಒಂದು ಪತ್ರ ಬರೆದರು. ಗುರುಗಳ ತರಬೇತಿಗೆಂದು ಯೋಚಿಸಿದ ಮಾತುಗಳನ್ನು ಎಲ್ಲ ವಿಶ್ವಾಸಿಗಳಿಗೂ ವಿಸ್ತರಿಸಿದರು. ಇನ್ನೊಬ್ಬರ ದನಿಗೆ ಕಿವಿಗೊಡುವುದನ್ನು ಓದು ಕಲಿಸುತ್ತದೆಂಬುದು ಅದರ ಸಾರಗಳಲ್ಲೊಂದು. ಈ ಕಲಿಕೆ ಮನೆಯ ಒಳಗೇ ಮೊದಲಾಗಬೇಡವೇ?

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡವನ್ನು ಓದುವುದು ಕಷ್ಟ ಎಂಬ ಮಾತನ್ನು ನಾವು ಬಲ್ಲೆವು. ಓದಲಾರದವರೂ ಕೇಳಬಲ್ಲರು. ಸಂಜೆಯ ಜಪಸರದ ಬಳಿಕ ಇಪ್ಪತ್ತು ನಿಮಿಷ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಟ್ಟು ಒಬ್ಬರು ಓದಲಿ, ಉಳಿದವರು ಕೇಳಲಿ. ಅಜ್ಜಿ ಇದ್ದ ಮನೆಯಾದರೆ ಪಂಜೆಯವರ ಕಥೆಯನ್ನು ಅವರೇ ಓದಲಿ. ಹಣವಿಲ್ಲದವರಿಗೆ ಸಾರ್ವಜನಿಕ ಗ್ರಂಥಾಲಯಗಳಿವೆ. ಧರ್ಮಕೇಂದ್ರದ ಸಂಘಗಳು ವಾರ್ಷಿಕೋತ್ಸವದ ಸ್ಮರಣಿಕೆಗಳಿಗೆ ವ್ಯಯಿಸುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟರೆ ಒಂದು ಕಪಾಟು ತುಂಬುವಷ್ಟು ಪುಸ್ತಕಗಳು ಬಂದಾವು. ಆ ಕಪಾಟಿಗೆ ಮಕ್ಕಳದೊಂದು, ದೊಡ್ಡವರದೊಂದು ಎಂದು ಎರಡು ಬಾಗಿಲುಗಳನ್ನು ಮಾಡಿಸುವುದು ಬೇಡ. ಕೆಳಗಿನ ಅಡ್ಡೆಯಲ್ಲಿ ಎಳೆಯರ ಪುಸ್ತಕಗಳಿರಲಿ, ಮೇಲೆ ‘ದ್ವೀಪ’ದಂಥವು ಇರಲಿ. ಮಗು ಬೆಳೆದಂತೆ ಅದರ ಕೈ ಮೇಲಕ್ಕೆ ತಾನಾಗಿಯೇ ತಲಪುತ್ತದೆ. ಅಷ್ಟರೊಳಗೆ ಹೆತ್ತವರು ಬಾಗಿ ಕೆಳಗಿನ ಸಾಲನ್ನು ಓದಿ ಮುಗಿಸಿರಲಿ ಎಂಬುದೇ ನಮ್ಮ ಬಿನ್ನಹ.